ಕೊಸರು

ಮಾಪ್ಸಾದ ಶುಕ್ರವಾರದ ಸಂತೆ ಹರಿದ ಮೇಲೆ
ಅವ್ವ ಗೋಣಿತಟ್ಟು ಝಾಡಿಸಿ ಕೂತಳು.
"ಓದು. ಒಂದೊಂದಽ. ಗಡಿಬಿಡಿ ಮಾಡಬ್ಯಾಡ."

ಎಂಬಿಬಿಎಸ್, ಖಾಸಗಿ. ನಾನು ಸೊನ್ನೆ ಎಣಿಸುವಷ್ಟರಲ್ಲಿ
ಹಿಂದೆ ಸರಿಯುವ ಲಾರಿಗೆ ಹಿಡಿಯುವಂತೆ
ಕೈ ಅಡ್ಡ ಹಿಡಿದಳು.
ಸರಕಾರಿಯದು ಅಗ್ಗ;
ನನ್ನ ಅಂಕಗಳಿಗೆ ಅದರ ಗೇಟು ಕಾಣುತ್ತದೆ,
ಬಾಂಬೋಳಿ ದಾಟುವ ಬಸ್ಸಿನಿಂದ
ಎಲ್ಲರಿಗೂ ಕಾಣುವಷ್ಟೇ.

ಫಿಸಿಯೋಥೆರಪಿ, ನಾಲ್ಕೂವರೆ ವರ್ಷ.
"ಅದನ್ನ ಕಲಿತ್ರ ಏನ್ ಮಾಡ್ತಿ?"
ಬೆನ್ನುನೋವು ತೆಗೀತೀನಿ, ಅಂದೆ.
ಏಳಲು ಹೋಗಿ, ಸೊಂಟ ಹಿಡಿದು, ಅಲ್ಲೇ ಕೂತು ನಕ್ಕಳು.

ಲ್ಯಾಬಿನದು ಮೂರು. ನರ್ಸಿಂಗ್ ನಾಲ್ಕು,
ಹಾಸ್ಟೆಲ್ಲು, ಸಮವಸ್ತ್ರ, ಪರೀಕ್ಷೆ ಫೀಸು ಬೇರೆ.
"ಬೇರೆ ಅಂದ್ರ? ತಕ್ಕಡಿಯೊಳಗ ಯಾಕ ಹಾಕಿಲ್ಲ?"
ಬ್ರೋಷರಿನ ಕೊನೆಯಲ್ಲಿ ಇರುವೆಯಂಥ ಅಕ್ಷರ.
ಓದಿ ಹೇಳಿದೆ. ಬಹಳ ಹೊತ್ತು
ಮೆಣಸಿನಕಾಯಿಯ ತೊಟ್ಟು ಮುರಿಯುತ್ತ ಇದ್ದಳು.

ಸೋಮವಾರ, ಮಡಗಾಂವಿನ ಕೌಂಟರು.
ಇಪ್ಪತ್ತು ವರ್ಷದ ಸಂತೆ ಕಲಿಸಿದ ಕೊಂಕಣಿಯಲ್ಲಿ
ಚೌಕಾಸಿಗಿಳಿದಳು.
ಗುಮಾಸ್ತ ಪೆನ್ನು ಕೆಳಗಿಟ್ಟ: ಬಾಯಿ, ಇದು ಬಜಾರಲ್ಲ.
ನಾನು ಗೋಡೆಯ ಕ್ಯಾಲೆಂಡರು ನೋಡಿದೆ.
ಅವಳು ನೋಡಲಿಲ್ಲ.
ರೇಟು ಬಿಡಬ್ಯಾಡ್ರಿ.
ಕೊಸರು? ಒಂದು ತಿಂಗಳು?

ಕೊಸರಿಗೆ ಕೊಂಕಣಿ ಸಿಗದೆ
ಕನ್ನಡದಲ್ಲೇ ಕೇಳಿದ್ದಳು.
ಅವನಿಗೆ ಏನು ತಿಳಿಯಿತೋ,
ನರ್ಸಿಂಗ್ ಫಾರ್ಮಿನ ಮೂಲೆಯಲ್ಲಿ
ಪೆನ್ಸಿಲ್ಲಿನಿಂದ ಬರೆದ: ದಂಡವಿಲ್ಲ, ಇಪ್ಪತ್ತರವರೆಗೆ.

ಮುಂದಿನ ಶುಕ್ರವಾರ
ಎಂಬಿಬಿಎಸ್ಸಿನ ನುಣುಪು ಹಾಳೆಯಲ್ಲಿ
ಕಾಲು ಕಿಲೋ ಬ್ಯಾಡಗಿ ಕಟ್ಟಿ
ಮೇಲೊಂದು ಹಿಡಿ ಹಾಕಿದಳು.
ಗಿರಾಕಿ ಕೇಳಿರಲಿಲ್ಲ.