ಹಂಚು ಇಳಿಸಿದ ಮನೆ

ಲೋಟಲಿ ಅಂದಾಗ ಲೋಟದಷ್ಟೇ ಊರು ಅಂದುಕೊಂಡಿದ್ದೆ.
ಮಡಗಾಂವಿನ ಬಸ್ಸಿಳಿದು ನಡೆದೆವು, ನಡೆದೆವು,
ಗದ್ದೆಯ ಒಣ ಕೂಳೆ ಕಾಲಿಗೆ ಚುಚ್ಚುತ್ತಿತ್ತು.
ಅಪ್ಪನ ಹೆಗಲಲ್ಲಿ ಹಗ್ಗ, ತಂತಿ, ಕೈಗರಗಸ,
ನನ್ನ ಕೈಯಲ್ಲಿ ರೊಟ್ಟಿಯ ಗಂಟು.
ಕೊನೆಗೆ ಕಂಡಿತು: ಚಿಪ್ಪಿನ ಕಿಟಕಿಗಳ ತಗ್ಗು ಮನೆ,
ಬಾಗಿಲ ಎರಡೂ ಬದಿ ಕಲ್ಲಿನ ಆಸನ,
ಒಂದರ ಮೇಲೆ ಎಸ್ಪೆರಾನ್ಸ ಅಜ್ಜಿ,
ಇನ್ನೊಂದರ ಮೇಲೆ ಬೆಕ್ಕು.

ಮಳೆಗೆ ಇನ್ನೂ ಮೂರು ವಾರ.
ಹಂಚು ಕೈಯಾಡಿಸುವುದು ಅಪ್ಪನ ಕೆಲಸ.
ನನಗೆ ಯಾವ ಕೆಲಸವೂ ಇರಲಿಲ್ಲ,
ಅದನ್ನೇ ಹದಿಮೂರು ದಿನ ಮನಸಿಟ್ಟು ಮಾಡಿದೆ.

ಬೆಳಕು ಹರಿಯುವ ಮೊದಲೇ ಸೈಕಲ್ಲಿನ ಪೋಂ ಪೋಂ.
ಝೆಲಿಯಾ ಓಡುವಳು, ಹಿಂದೆ ನಾನು.
ಬಿಸಿ ಪಾವಿನ ಹೊಟ್ಟೆ ಸೀಳಿ ಬೆಲ್ಲ ತುರುಕಿ
ಬಾವಿಕಟ್ಟೆ ಹತ್ತಿ ಕೂತರೆ
ತೊಡೆಯ ಕೆಳಗೆ ತಣ್ಣನೆ ಕಲ್ಲು,
ಎಂಟು ಗಂಟೆಯವರೆಗೆ.
ಆಮೇಲೆ ಅದೂ ಕಾಯುತ್ತಿತ್ತು.

ಹಿತ್ತಲಲ್ಲಿ ಅಜ್ಜಿಯ ತಮ್ಮ ಮಿಂಗೇಲ್
ಕೊನೆಯ ಗೇರುಹಣ್ಣು ತುಳಿಯುತ್ತಿದ್ದ, ಮೊಣಕಾಲವರೆಗೆ ಹಳದಿ.
"ನೀರೋ" ಎಂದು ತಂಬಿಗೆ ಚಾಚಿದ.
ನೀರು ಅಂತಲೇ ಗಟಗಟ ಕುಡಿದೆ.
ನಾಲಗೆ ಬಿಗಿದು, ಗಂಟಲು ಕೆರೆದು,
ಎಷ್ಟೋ ಹೊತ್ತಿನ ಮೇಲೆ ಒಳಗೆಲ್ಲ ಸಿಹಿ.
ಮುದುಕ ಬಗ್ಗಿ ಬಗ್ಗಿ ನಕ್ಕ.
ನನ್ನ ಲಂಗದ ಮೇಲಿನ ಕಲೆ ಕೊನೆಗೂ ಹೋಗಲಿಲ್ಲ,
ಲಂಗವೇ ಹೋಯಿತು.

ಅಂಗಳದ ಚಾಪೆಯ ತುಂಬ ಮುರುಗಲ ಸಿಪ್ಪೆ.
ಕಾಗೆ ಓಡಿಸಲು ನಮ್ಮಿಬ್ಬರನ್ನು ಕೂಡಿಸಿದ್ದರು.
ಅವಳದು ಕೊಂಕಣಿ, ನನ್ನದು ಹಾವೇರಿ ಕಡೆಯದು,
ಇಬ್ಬರಿಗೂ ತಿಳಿದ ಮಾತು ಏಳೆಂಟು.
ಜಗಳಕ್ಕೆ ಅಷ್ಟು ಧಾರಾಳವಾಯಿತು.
ಅಷ್ಟರಲ್ಲಿ ಕಾಗೆ ಬಂದು ಹೋಗಿತ್ತು, ಕೊಕ್ಕು ಕೆಂಪಾಗಿ.

ಹತ್ತನೇ ದಿನ ಅಪ್ಪ ನಡುಮನೆಯ ಹಂಚನ್ನೆಲ್ಲ ಇಳಿಸಿದ.
ಪಕ್ಕಾಸು, ರೀಪು ಬಿಟ್ಟರೆ ಮೇಲೆ ಏನೂ ಇಲ್ಲ.
ಎಂದೂ ಬಿಸಿಲು ಕಾಣದ ಕಪಾಟು, ಕನ್ನಡಿ,
ಮದುವೆಯ ಪಟದೊಳಗಿನ ಜನ
ಕಣ್ಣು ಕಿರಿದು ಮಾಡಿಕೊಂಡರು.
ಹಾವಸೆ ಕೆರೆಯುತ್ತ ಒಂದೊಂದೇ ಹಂಚು ತಿರುವುತ್ತಿದ್ದೆ,
ಒಂದರ ಬೆನ್ನಲ್ಲಿ ನಾಯಿಯ ಹೆಜ್ಜೆ.
ಮಣ್ಣು ಇನ್ನೂ ಹಸಿಯಿದ್ದಾಗ, ಮಂಗಳೂರಿನ ಯಾವುದೋ ಕಾರ್ಖಾನೆಯಲ್ಲಿ,
ಬೈಸಿಕೊಳ್ಳುತ್ತ ಓಡಿಹೋದ ನಾಯಿ,
ನಾಲ್ಕು ಬೆರಳು, ಒಂದು ಅಂಗೈ.
ಅಜ್ಜಿ ಅದರ ಮೇಲೆ ಹೆಬ್ಬೆರಳಾಡಿಸಿ ಏನೋ ಅಂದಳು.
"ಕಳ್ಳರು ಯಾಕ ಬಂದಿಲ್ಲ ಅಂತ ಈಗ ತಿಳೀತಂತ"
ಅಪ್ಪ ಏಣಿಯ ಮೇಲಿಂದಲೇ ಕನ್ನಡ ಮಾಡಿದ.

ಆ ರಾತ್ರಿ ಯಾರೂ ಕೋಣೆಗೆ ಹೋಗಲಿಲ್ಲ.
ನಡುಮನೆಯಲ್ಲೇ ಚಾಪೆ:
ಅಜ್ಜಿ, ಝೆಲಿಯಾ, ನಾನು, ಗೋಡೆಗೊರಗಿ ಮಿಂಗೇಲ್.
ಹೊಸ್ತಿಲಾಚೆ ಅಪ್ಪ.
ರೀಪಿನ ಚೌಕದೊಳಗೆ ಚುಕ್ಕಿ, ಚೌಕಕ್ಕೆ ಮೂರೋ ನಾಲ್ಕೋ.
ಬೆರಳು ತೋರಿಸಿ ಪಾಲು ಮಾಡಿದೆವು,
ಇದು ನಿನಗೆ, ಇದು ನನಗೆ,
ಅದು, ಮಿಣುಕುವುದು, ಬೆಕ್ಕಿಗೆ.
ಹಂಚು ಅಂದರೆ ನಮ್ಮಲ್ಲಿ ಇದೂ ಹೌದು
ಎಂದು ಅವಳಿಗೆ ಹೇಳಬೇಕಿತ್ತು.
ಏಳೆಂಟು ಮಾತಿನಲ್ಲಿ ಆಗಲಿಲ್ಲ.

ನಡುರಾತ್ರಿ ಧೊಪ್.
ಮನೆಯ ಮೇಲೆ ಬಾಗಿದ ಮಾನಕುರಾದ ಮರದ ಹಣ್ಣು
ರೀಪು ತಪ್ಪಿಸಿ ಒಳಗೇ ಬಿದ್ದಿತ್ತು.
ಎಲ್ಲರೂ ಎದ್ದೆವು. ದೀಪ ಹಚ್ಚಲಿಲ್ಲ.
ವಾಸನೆ ಹಿಡಿದು ಅಂಬೆಗಾಲಲ್ಲಿ ಹುಡುಕಿದೆವು,
ಅಜ್ಜಿಯೂ, ಎಪ್ಪತ್ತರ ಮಂಡಿಯೂರಿ.
ಚಾಕು ತರುವ ತಾಳ್ಮೆ ಯಾರಿಗಿತ್ತು?
ಕಚ್ಚಿ, ಕೈ ಬದಲಿಸಿ, ಕಚ್ಚಿ, ಕೈ ಬದಲಿಸಿ,
ಮೊಣಕೈಗೆ ಇಳಿದದ್ದನ್ನು ನೆಕ್ಕಿ.
ಗೊರಟೆ ಉಳಿದಾಗ ಅಜ್ಜಿ ಬಾಗಿಲ ಕಡೆ ಚಾಚಿದಳು.
ಅಪ್ಪ ಅಲ್ಲಿಂದಲೇ ಕೈ ನೀಡಿದ, ಎಟುಕಲಿಲ್ಲ.
ಒಳಗೆ ಬಂದ. ಕೂತ.
ಬಹಳ ಹೊತ್ತು ಚೀಪುವ ಸದ್ದು.

ಮರುದಿನ ಮುಚ್ಚುತ್ತ ಬಂದ, ಸೂರಿನಿಂದ ಮೇಲಕ್ಕೆ.
ನಾಯಿಯ ಹಂಚು ಎಲ್ಲಿಟ್ಟೆ ಅಂದರೆ ಹೇಳಲಿಲ್ಲ.
ಕೆಳಗೆ ನಾವಿಬ್ಬರು ಮಲಗಿ ನೋಡುತ್ತಿದ್ದೆವು,
ಬಿಸಿಲು ಚೌಕ ಚೌಕವಾಗಿ ಆರುವುದನ್ನು.
ಕೊನೆಯ ಚೌಕ ಝೆಲಿಯಾಳ ಮೂಗಿನ ಮೇಲಿತ್ತು.
ಅವಳು ಸೀನಿದಳು.