ಕೂಜ

ಕುಂಜತ್ತೂರಿನ ಏಳನೇ ತರಗತಿ, ಶನಿವಾರ.
ಬೋರ್ಡಿನಲ್ಲಿ ಪೋರ್ಚುಗೀಸಿನ 'ಕೂಜ' ಬರೆದೆ.
ಹಿಂದಿನ ಬೆಂಚು ನಕ್ಕಿತು:
ನೀರೆಲ್ಲಿ ಟೀಚರ್?

ಆ ಕೂಜ ಅಲ್ಲ. ಇದು 'ಯಾರ' ಎಂಬ ಕೊಂಡಿ.
ಚಾವಿ ಕಳೆದುಕೊಂಡ ಹುಡುಗ, ಅನ್ನುತ್ತೇವೆ ನಾವು,
ಒಂದೇ ಉಸಿರು.
ಅವರು ಹುಡುಗನನ್ನು ಮೊದಲು ಹೊರಗೆ ನಿಲ್ಲಿಸಿ
ಆಮೇಲೆ ಕೂಜ, ಆಮೇಲೆ ಚಾವಿ.
ಚಾವಿಯೂ ಅವರದೇ, ಈ ಮೇಜೂ.
ಬಿಟ್ಟುಹೋದದ್ದು, ನಮ್ಮದಾಯಿತು.

ಮತ್ತೆ ಕೇಳಿ: ಈ ಪದ
ಒಡೆಯನ ಮುಖ ನೋಡುವುದಿಲ್ಲ,
ಒಡವೆಯ ಬೆನ್ನಿಗೆ ಹೋಗುತ್ತದೆ.
ಚಾವಿ ಅವರಲ್ಲಿ ಹೆಣ್ಣು, ಅದಕ್ಕೇ ಕೂಜ.
ಗಂಡಾದರೆ ಕೂಜು.

ಮುರ್ಶಿದಾ ಎದ್ದಳು. ಮನೆಯಲ್ಲಿ ಬ್ಯಾರಿ,
ಪುಸ್ತಕದಲ್ಲಿ ಕನ್ನಡ, ಬಸ್ಸಿನ ಹಣೆಯಲ್ಲಿ ಮಲಯಾಳ.
ಊರು ಹೆಣ್ಣಾ ಗಂಡಾ ಟೀಚರ್?

ಎರಡೂ ಉಂಟು ಅವರಲ್ಲಿ, ಅಂದೆ.
ಪೆನ್ಸಿಲಿನ ತುದಿ ಕಚ್ಚಿ ನಿಂತೇ ಇದ್ದಳು:
ನಾನು ಯಾವುದು ಬರೆಯಲಿ?