ಕರಿಯ ಸುರಂಗ

ಪಂಚಾಯತಿನ ಪಟ್ಟಿಯಲ್ಲಿ ಅದು ನೂರಾ ಹದಿನಾಲ್ಕನೆಯದು:
ಸುರಂಗ. ಉದ್ದ ಗೊತ್ತಿಲ್ಲ. ನೀರು ಉಂಟು.
ಪಟ್ಟಿ ಬರೆಯಲು ಬಂದ ಹುಡುಗ ಕೇಳಿದ,
ಈ ಕರಿಯ ಯಾರು, ಯಾರ ಮಗ?
ಯಾರೂ ಅಲ್ಲ ಮಾರಾಯ,
ಕರಿ ಅಂದರೆ ಕಲ್ಲಿದ್ದಲು.
ಪೆನ್ನು ನಿಲ್ಲಿಸಿ ನಕ್ಕ.
ಮುರಕಲ್ಲಿನ ಈ ಗುಡ್ಡೆಯಲ್ಲಿ?

ಹೊಳೆಬದಿಯಲ್ಲಿ ಜರ್ಮನಿಯವರ ಹಂಚಿನ ಕಾರ್ಖಾನೆ ಇತ್ತು,
ಈಗ ಚಿಮಿಣಿಯ ಬುಡ ಮಾತ್ರ, ಅದರೊಳಗೆ ಮುಂಗುಸಿ.
ಅದರ ಒಲೆಗೆ ಗುಡ್ಡೆಯ ಕಾಡೆಲ್ಲ ಇಳಿದು ಹೋಯಿತು,
ಮರುವ, ಕಿರಾಲುಬೋಗಿ, ಕೊನೆಗೆ ಕುಂಟಾಲದ ಪೊದೆ.
ಆಗ ಬಂದವನು ವೆಂಗರ್.
ಸಪೂರ ಆಳು, ಎಡಗೈಯ ಚರ್ಮದ ಒಳಗೆ
ನೀಲಿ ಚುಕ್ಕೆಗಳು.
ಹಚ್ಚೆ ಎಂದುಕೊಂಡರು ಹೆಂಗಸರು.
ಹಚ್ಚೆಯಲ್ಲ, ಕಲ್ಲಿದ್ದಲಿನ ಚೂರು ಹೊಕ್ಕ ಗಾಯ
ಹಾಗೆಯೇ ಮಾಗಿದ್ದು.

ಅವನ ಊರಲ್ಲೂ ಗಣಿ ಇತ್ತಂತೆ, ಸಣ್ಣದು:
ಇಪ್ಪತ್ತಮೂರು ಗಂಡಸರು, ಎರಡು ಕುದುರೆ,
ಮೊಣಕಾಲೆತ್ತರದ ಕಪ್ಪು ಪದರ.
ಒಂದು ಮಗ್ಗುಲಿಗೆ ಮಲಗಿಯೇ ಅಗೆಯಬೇಕು.
ಅಪ್ಪ ಅಗೆದ, ಅಣ್ಣ ಅಗೆದ.
ಪಕ್ಕದ ದೊಡ್ಡ ಗಣಿಗೆ ಉಗಿಯ ಪಂಪು ಬಂತು,
ಇವರಲ್ಲಿ ತೊಟ್ಟಿ ಮತ್ತು ಹಗ್ಗ.
ಒಂದು ರಾತ್ರಿ ನೀರು ಒಳಗೆ ಬಂತು.
ಬೆಳಿಗ್ಗೆ ಬಾಯಿಗೆ ಹಲಗೆ ಹೊಡೆದರು.
ಒಂದು ಕುದುರೆ ಒಳಗೇ.
ಇಷ್ಟನ್ನು ಅವನು ಬಟ್ಯನಿಗೆ ಹೇಳಿದ್ದು, ಅರ್ಧ ತುಳುವಿನಲ್ಲಿ.
ಬಟ್ಯ ಮಗಳಿಗೆ ಹೇಳಿದ, ಅವಳು ಅವಳ ಸೊಸೆಗೆ.
ನನ್ನವರೆಗೆ ಬರುವಾಗ
ಕುದುರೆ ಬಿಳಿಯದಾಗಿತ್ತು.

ಬಟ್ಯನದು ಸುರಂಗದ ಕೆಲಸ.
ಹುತ್ತ ನೋಡಿ, ಬಸರಿ ಮರ ನೋಡಿ, ಗುಡ್ಡೆಗೆ ಕಿವಿಯಿಟ್ಟು
ನೀರಿನ ಕಡೆಗೆ ಅಡ್ಡಕ್ಕೆ ಕೊರೆಯುವವನು.
ಈ ದೊರೆಗೆ ಬೇಕಾದ್ದು ನೀರಲ್ಲ ಎಂದಾಗ
ಕೂಲಿ ಯಾವುದಕ್ಕಾದರೆ ಏನು ಎಂದನಂತೆ.

ದಿನಾ ಬೆಳಿಗ್ಗೆ ಬಾಯಿಯ ಎದುರು ಟೊಪ್ಪಿ ತೆಗೆದು
ವೆಂಗರ್ ಹೇಳುತ್ತಿದ್ದ: ಗ್ಲೂಕ್ ಔಫ್.
ಇವರಿಗೆ ಕೇಳಿಸಿದ್ದು ಗುಳಿಗ ಎಂದು.
ಅಡ್ಡಿಯಿಲ್ಲ, ದೊರೆಗೆ ದೈವ ಗೊತ್ತುಂಟು ಎಂದು
ಒಂದು ಕಲ್ಲು ನಿಲ್ಲಿಸಿ ಎಳನೀರು ಇಟ್ಟರು.
ಅದರ ಅರ್ಥ, ನನಗೆ ಮೊನ್ನೆ ಮೊನ್ನೆ ತಿಳಿದದ್ದು,
ಅದೃಷ್ಟ ಇರಲಿ, ತಿರುಗಿ ಮೇಲೆ ಬಾ.
ಗುಳಿಗನಲ್ಲಿ ಕೇಳುವುದೂ ಬೇರೇನಲ್ಲ.

ಅರುವತ್ತೆರಡು ಕೋಲಿಗೆ ಕಪ್ಪು ಸಿಕ್ಕಿತು.
ಕಲ್ಲೆಂದರೆ ಕಲ್ಲಲ್ಲ, ಮರವೆಂದರೆ ಮರವಲ್ಲ,
ಸೀಳಿದರೆ ಎಲೆಯ ನರ ಕಾಣುವಂಥದು.
ಒಲೆಗೆ ಹಾಕಿದರೆ ಹೊಗೆ, ಕೊಳೆತ ಮೊಟ್ಟೆಯ ನಾತ,
ಹಂಚಿನ ಮೈಯೆಲ್ಲ ಸಿಡುಬು.
ಗುಮಾಸ್ತ ಯೋಬನ ಲೆಕ್ಕದ ಪುಸ್ತಕದಲ್ಲಿ ಉಂಟು:
ನಾಲ್ಕು ವರ್ಷ, ಮುನ್ನೂರ ಹನ್ನೊಂದು ಗಾಡಿ,
ಉರಿದದ್ದು ನಲುವತ್ತು.

ಐದನೆಯ ಬೇಸಿಗೆ, ಹೊಳೆಗೆ ಉಪ್ಪು ಏರಿತ್ತು.
ಗೋಡೆಗೆ ಕಿವಿಯಿಟ್ಟು ಬಟ್ಯ ಹೇಳಿದ, ಆಚೆ ನೀರುಂಟು.
ವೆಂಗರನೂ ಕಿವಿಯಿಟ್ಟ.
ಸಾಕು, ಎಲ್ಲರೂ ಹೊರಗೆ, ಎಂದ.
ಆ ರಾತ್ರಿ ಬಟ್ಯ ಎಣ್ಣೆದೀಪ ಹಿಡಿದು ಒಬ್ಬನೇ ಒಳಹೊಕ್ಕ.
ಮನೆಯಲ್ಲಿ ಬಾಣಂತಿ, ಕೊಡ ಖಾಲಿ.

ಬೆಳಿಗ್ಗೆ ಬಾಯಿಂದ ನೀರು,
ಕಿರುಬೆರಳಿನಷ್ಟು ದಪ್ಪ.
ವೆಂಗರ್ ಆಳುಗಳನ್ನು ಎಣಿಸಿದ.
ಏಳು. ಮತ್ತೆ ಎಣಿಸಿದ. ಏಳು.
ಬಟ್ಯನ ಹೆಗಲು ಮುಟ್ಟಿ ನೋಡಿ, ಒದ್ದೆ ಮಣ್ಣಿನಲ್ಲೇ ಕೂತ.
ಬೈಯುತ್ತಾನೆ ಎಂದು ಎಲ್ಲರೂ ಕಾದರು.
ಅವನು ಆ ಚುಕ್ಕೆಯ ಕೈಯನ್ನು
ನೀರಿನ ಕೆಳಗೆ ಹಿಡಿದೇ ಇದ್ದ.
ಯೋಬ ಆ ದಿನ ಬರೆದದ್ದು ಎರಡು ಮಾತು:
ನೀರು. ಕೆಲಸ ನಿಂತಿತು.
ಆಮೇಲಿನ ಹಾಳೆಗಳಲ್ಲಿ ವೆಂಗರನ ಹೆಸರಿಲ್ಲ.

ಈಗ ಹದಿನಾರು ಮನೆಯವರು ಕುಡಿಯುತ್ತೇವೆ.
ಸ್ವಲ್ಪ ಕಬ್ಬಿಣದ ರುಚಿ, ಚಾಯ ಬೇಗ ಕಪ್ಪಾಗುತ್ತದೆ.
ಹುಡುಗನಿಗೆ ಒಂದು ಗ್ಲಾಸು ಕೊಟ್ಟೆ.
ತೋಡಿದವರು ಎಂಬ ಅಂಕಣ ಖಾಲಿ ಬಿಟ್ಟು ಹೋದ.

ಮಕ್ಕಳು ಟಾರ್ಚು ಹಿಡಿದು ಬಾಯಿಯ ಹತ್ತಿರ ಸುಳಿದರೆ
ನಾವು ಈಗಲೂ ಹೆದರಿಸುವುದು ಹೀಗೆ:
ಒಳಗೆ ಹೋಗಬೇಡಿ,
ಬಿಳಿ ಕುದುರೆ ಉಂಟು.